ಇರಲಿ ಬಿಡ್ರಿ, ಅದೇನು ಅನ್ನಾ ಕೇಳತದೇನು?

ನಮ್ಮ ಬೆಳಗಾವಿ ಕಡೆ ಒಂದು ಚಟ ಇದೆ. ಮನೆಯಲ್ಲೋ ಅಂಗಡಿಯಲ್ಲೋ ಬಳಸದೇ ಬಿದ್ದಿರುವ ಯಾವುದನ್ನಾದರೂ ತೋರಿಸಿ "ಇದನ್ನ ತಗದ ಬಿಡೂನೇನ್ರಿ?" ಅಂತ ಕೇಳಿ ನೋಡಿ. ಉತ್ತರ ಒಂದೇ - "ಇರಲಿ ಬಿಡ್ರಿ, ಅದೇನು ಅನ್ನಾ ಕೇಳತದೇನು?" ಮುರಿದ ತಕ್ಕಡಿ, ತೂತು ಬಿದ್ದ ಡಬ್ಬಿ, ಹಳೇ ಗೋಣಿಚೀಲದ ವಿಷಯದಲ್ಲಿ ಈ ಮಾತು ಸರಿಯೇ ಇರಬಹುದು. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಶುದ್ಧ ತಪ್ಪು. ಈ ಮಾತಿನ ಜೊತೆ ಜಗಳ ಆಡೋದಕ್ಕೇ ಇವತ್ತು ಬರೀತಾ ಇದೀನಿ.

ರವಿವಾರ ಪೇಟೆಯಲ್ಲಿ ನಾಲ್ಕೈದು ಹೋಲ್‌ಸೇಲ್ ಅಂಗಡಿಗಳ ಕಂಪ್ಯೂಟರು ನೋಡಿಕೊಳ್ಳುವುದು ನನ್ನ ಕೆಲಸ. ಬೆಲ್ಲ, ಅಕ್ಕಿ, ಬೇಳೆ, ಮೆಣಸಿನಕಾಯಿ ವ್ಯಾಪಾರದ ಅಂಗಡಿಗಳು. ಸದ್ಯ ಅಲ್ಲಿ ನಡೀತಾ ಇರೋ ವಾದ ಇಷ್ಟೇ: ವರ್ಷಗಳಿಂದ ಯಾರೂ ಬಳಸದ ನೆಟ್‌ವರ್ಕ್ ಪ್ರಿಂಟಿಂಗ್ ಸೇವೆಯನ್ನು ಬಂದ್ ಮಾಡಬೇಕೋ ಬೇಡವೋ? ನಾನು ಮಾಡಬೇಕು ಅಂತೀನಿ. ಮಾಲಕರು, ಗುಮಾಸ್ತರು, ಇನ್ನೊಬ್ಬ ಹಾರ್ಡ್‌ವೇರ್ ಹುಡುಗ ಮೂವರೂ ಸೇರಿ "ಇರಲಿ ಬಿಡ್ರಿ" ಅಂತಾರೆ. ಕೇಳೋಕೆ ಇದು ಬಹಳ ಸಣ್ಣ ವಿಷಯ. ಆದರೆ ಆ ಕಂಪ್ಯೂಟರಿನಲ್ಲಿ ಇರೋದು ಏನು ಅಂತ ಯೋಚನೆ ಮಾಡಿ. ಖಾನಾಪುರದಿಂದ ಹಿಡಿದು ಗೋವಾದವರೆಗಿನ ಕಿರಾಣಿ ಅಂಗಡಿಗಳ ಉದ್ರಿ ಲೆಕ್ಕ. ಯಾರು ಎಷ್ಟು ಕೊಡಬೇಕು, ಯಾರಿಗೆ ಎಷ್ಟು ಕೊಡಬೇಕು ಎಲ್ಲಾ ಅದರಲ್ಲೇ. ಕೆಂಪು ಬಟ್ಟೆ ಸುತ್ತಿದ ಖಾತೆ ಪುಸ್ತಕ ಹೋಗಿ ಎಷ್ಟೋ ವರ್ಷ ಆಯ್ತು. ಇದು ಹೋದರೆ ಬರೆದಿಟ್ಟ ಇನ್ನೊಂದು ಪ್ರತಿ ಇಲ್ಲ.

ಮೊದಲು ಈ ಸೇವೆ ಯಾಕೆ ಬಂತು, ಯಾಕೆ ಬಿತ್ತು ಅನ್ನೋದನ್ನ ಹೇಳ್ತೀನಿ. ಗಲ್ಲೆಯ ಹತ್ತಿರ ಒಂದು ಕಂಪ್ಯೂಟರು, ಅದಕ್ಕೆ ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಒಳಗೆ ಲೆಕ್ಕ ಬರೆಯುವವರಿಗೆ ಇನ್ನೆರಡು ಕಂಪ್ಯೂಟರು. ಮೂರಕ್ಕೂ ಮೂರು ಪ್ರಿಂಟರ್ ತರೋಕೆ ಯಾರು ದುಡ್ಡು ಕೊಡ್ತಾರೆ? ಅದಕ್ಕೆ ಗಲ್ಲೆಯ ಪ್ರಿಂಟರನ್ನ ಶೇರ್ ಮಾಡಿದರು. ಕರ್ರ್ ಕರ್ರ್ ಅಂತ ದಿನವಿಡೀ ಮೂರು ಪ್ರತಿ ಬಿಲ್ಲು ಬರ್ತಿತ್ತು. ಆಮೇಲೆ 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂತು (ರಾಜ್ಯದೊಳಗಿನ ಸಾಗಣೆಗೂ ಅದನ್ನ ಅವತ್ತೇ ಶುರು ಮಾಡಿದ್ದು ನಮ್ಮ ಕರ್ನಾಟಕ). ಲಾರಿ ಡ್ರೈವರ್ ಹತ್ತಿರ ಇ-ವೇ ಬಿಲ್ಲಿನ ನಂಬರ್ ಇದ್ದರೂ ನಡೀತದೆ. ಗಿರಾಕಿ "ವಾಟ್ಸಾಪ್ ಮಾಡ್ರಿ" ಅಂತಾನೆ. ಬಿಲ್ಲು ಪಿಡಿಎಫ್ ಆಗಿ ಹೋಗ್ತದೆ. ಗಲ್ಲೆಯ ಪ್ರಿಂಟರು ಈಗಲೂ ಗಲ್ಲೆಯ ಕಂಪ್ಯೂಟರಿನಿಂದ ನಾಲ್ಕು ಬಿಲ್ಲು ಹೊಡೀತದೆ, ಆದರೆ ಒಳಗಿನ ಎರಡು ಕಂಪ್ಯೂಟರಿನಿಂದ ಅದಕ್ಕೆ ಒಂದು ಹಾಳೆಯೂ ಹೋಗೋದಿಲ್ಲ. ಶೇರಿಂಗ್ ಮಾತ್ರ ಹಾಗೇ ಇದೆ. ಬೀಗ ಇಲ್ಲದ ಹಿತ್ತಲ ಬಾಗಿಲಿನ ಹಾಗೆ.

ಈಗ ಈ ಸೇವೆ ಅಂದರೆ ಏನು? ವಿಂಡೋಸಿನಲ್ಲಿ ಇದರ ಹೆಸರು ಪ್ರಿಂಟ್ ಸ್ಪೂಲರ್. ನೀವು ಪ್ರಿಂಟ್ ಒತ್ತಿದಾಗ ಕೆಲಸವನ್ನು ಡಿಸ್ಕಿನಲ್ಲಿ ಸಾಲಾಗಿ ಇಟ್ಟು ಒಂದೊಂದಾಗಿ ಪ್ರಿಂಟರಿಗೆ ಕಳಿಸೋದು ಇದರ ಉದ್ಯೋಗ. ಅಷ್ಟೇ ಆಗಿದ್ದರೆ ನಾನು ಸುಮ್ಮನಿರ್ತಿದ್ದೆ. ಇದರ ಮೂರು ಗುಣ ನೋಡಿ. ಒಂದು, ಕಂಪ್ಯೂಟರಿನಲ್ಲಿ ಪ್ರಿಂಟರ್ ಇರಲಿ ಬಿಡಲಿ, ಯಂತ್ರ ಶುರುವಾದ ಕೂಡಲೇ ತಾನೂ ಶುರುವಾಗ್ತದೆ. ಎರಡು, ಇದು ಓಡೋದು ಸಿಸ್ಟಂ ಅನ್ನೋ ಅಧಿಕಾರದಲ್ಲಿ, ಅಂದರೆ ಆ ಯಂತ್ರದಲ್ಲಿ ಇದಕ್ಕಿಂತ ದೊಡ್ಡ ಸಾವಕಾರ ಇಲ್ಲ. ಮೂರು, ಡ್ರೈವರ್ ಅನ್ನೋ ಹೆಸರಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಮನ್ನು ತನ್ನೊಳಗೆ ಕರೆದು ಕೂರಿಸಿಕೊಳ್ತದೆ, ನೆಟ್‌ವರ್ಕಿನಿಂದ ಬರುವ ಮಾತನ್ನೂ ಕೇಳ್ತದೆ. ಸದಾ ಎಚ್ಚರ, ಪೂರ್ತಿ ಅಧಿಕಾರ, ಬಂದವರಿಗೆಲ್ಲ ಬಾಗಿಲು. ಇಂಥ ಆಳನ್ನ ಕೆಲಸ ಇಲ್ಲದೇ ಅಂಗಡಿಯಲ್ಲಿ ಯಾರಾದರೂ ಕೂರಿಸ್ತಾರೇನ್ರಿ?

ಇದರ ಜಾತಕ ಸ್ವಲ್ಪ ನೋಡೋಣ.

2010ರಲ್ಲಿ ಸ್ಟಕ್ಸ್‌ನೆಟ್ ಅನ್ನೋ ಹುಳ ಸಿಕ್ಕಿತು. ಇರಾನಿನ ನತಾಂಜ್ ಅಣು ಕೇಂದ್ರದ ಯಂತ್ರಗಳನ್ನ ಕೆಡಿಸೋಕೆ ಮಾಡಿದ್ದು. ಅದು ಹರಡಲು ಬಳಸಿದ ದಾರಿಗಳಲ್ಲಿ ಒಂದು ಇದೇ ಸ್ಪೂಲರ್, ಶೇರ್ ಮಾಡಿದ ಪ್ರಿಂಟರ್ ಇರುವ ಕಂಪ್ಯೂಟರಿಗೆ ನೆಟ್‌ವರ್ಕಿನಲ್ಲೇ ಹೋಗಿ ಕೂರುವುದು. ಆ ತೂತಿನ ಬಗ್ಗೆ 2009ರಲ್ಲೇ ಒಂದು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಪ್ಯಾಚ್ ಬಂದಿದ್ದು 2010ರ ಸೆಪ್ಟೆಂಬರಿನಲ್ಲಿ. 2020ರಲ್ಲಿ ಪ್ರಿಂಟ್‌ಡೀಮನ್ ಅನ್ನೋ ಇನ್ನೊಂದು ತೂತು ಸಿಕ್ಕಿತು, ಅದು 1996ರ ವಿಂಡೋಸ್ ಎನ್‌ಟಿ 4ರ ಕಾಲದಿಂದ ಹಾಗೇ ಇತ್ತು! ಮರುವರ್ಷ, 2021ರ ಜೂನ್ ಕೊನೆಯಲ್ಲಿ ಪ್ರಿಂಟ್‌ನೈಟ್‌ಮೇರ್. ನೆಟ್‌ವರ್ಕಿನಲ್ಲಿ ಒಂದು ಸಾಮಾನ್ಯ ಯೂಸರ್ ಖಾತೆ ಕೈಗೆ ಸಿಕ್ಕರೆ ಸಾಕು, ದೂರದಿಂದಲೇ "ನಾನು ಪ್ರಿಂಟರ್ ಡ್ರೈವರ್ ರೀ" ಅಂತ ಸುಳ್ಳು ಹೇಳಿ ಒಳಗೆ ನುಗ್ಗಿ ಪೂರ್ತಿ ಯಂತ್ರ ವಶ ಮಾಡಿಕೊಳ್ಳಬಹುದಿತ್ತು. ಮೈಕ್ರೋಸಾಫ್ಟ್ ಜುಲೈ 6ರಂದು ತಿಂಗಳ ಸರದಿಗೂ ಕಾಯದೇ ಪ್ಯಾಚ್ ಬಿಟ್ಟಿತು. 2020ರ ಜನವರಿಯಲ್ಲೇ ಬೆಂಬಲ ನಿಂತಿದ್ದ ವಿಂಡೋಸ್ 7ಕ್ಕೂ ಬಿಟ್ಟಿತು ಅಂದಮೇಲೆ ಎಷ್ಟು ಹೆದರಿದ್ದರು ಲೆಕ್ಕ ಹಾಕಿ. ಅಮೆರಿಕದ ಸೈಬರ್ ಸುರಕ್ಷತಾ ಸಂಸ್ಥೆ ಜುಲೈ 13ರಂದು ಸರ್ಕಾರಿ ಇಲಾಖೆಗಳಿಗೆ ತುರ್ತು ಆದೇಶವನ್ನೇ ಹೊರಡಿಸಿತು. ಆಗಸ್ಟಿನ ಹೊತ್ತಿಗೆ ಮ್ಯಾಗ್ನಿಬರ್, ವೈಸ್ ಸೊಸೈಟಿ ಅನ್ನೋ ರಾನ್ಸಮ್‌ವೇರ್ ಗುಂಪುಗಳು ಇದನ್ನೇ ಬಳಸ್ತಿದ್ದವು.

ಮುಗೀತಾ? ಇಲ್ಲ. 2022ರ ಅಕ್ಟೋಬರಿನಲ್ಲಿ ಸ್ಪೂಲರಿನ ಇನ್ನೊಂದು ತೂತಿಗೆ ಪ್ಯಾಚ್ ಬಂತು. ರಷ್ಯಾದ ಗೂಢಚಾರಿಕೆಯ ಗುಂಪೊಂದು ಕನಿಷ್ಠ 2020ರ ಜೂನ್‌ನಿಂದ ಅದನ್ನ ಬಳಸ್ತಾ ಇತ್ತು ಅಂತ ಮೈಕ್ರೋಸಾಫ್ಟ್ ತಾನೇ 2024ರ ಏಪ್ರಿಲಿನಲ್ಲಿ ಹೇಳಿತು. ಅಂದರೆ ಪ್ಯಾಚ್ ಬರುವ ಮುಂಚೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬಾಗಿಲು ತೆಗೆದೇ ಇತ್ತು. "ಅಪ್‌ಡೇಟ್ ಹಾಕ್ತೀವಲ್ಲ, ಸಾಕು" ಅನ್ನುವವರು ಈ ಸಾಲನ್ನ ಇನ್ನೊಮ್ಮೆ ಓದಿ. ಪ್ಯಾಚ್ ಅನ್ನೋದು ಕಂಡ ತೂತಿಗೆ ಹಾಕುವ ತೇಪೆ. ನಿಲ್ಲಿಸಿದ ಸೇವೆಗೆ ಕಾಣದ ತೂತಿನ ಚಿಂತೆಯೂ ಇಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ಭಾಗ.

ಪ್ರಿಂಟ್‌ನೈಟ್‌ಮೇರ್ ಆದಮೇಲೆ ಮೈಕ್ರೋಸಾಫ್ಟ್ ಒಂದೊಂದೇ ಬಾಗಿಲು ಹಾಕ್ತಾ ಬಂತು. 2021ರ ಸೆಪ್ಟೆಂಬರಿನ ಅಪ್‌ಡೇಟ್ ಹಾಕಿದ ಕೂಡಲೇ ಎಷ್ಟೋ ಕಡೆ ಶೇರ್ ಮಾಡಿದ ಪ್ರಿಂಟರ್ ನಿಂತುಹೋಯ್ತು, ತೆರೆಯ ಮೇಲೆ ಕೊನೆಗೆ 11ಬಿ ಅಂತ ಬರುವ ಎರರ್. ಅವತ್ತಿನಿಂದ ಊರೂರಲ್ಲಿ "11ಬಿ ಫಿಕ್ಸ್" ಅನ್ನೋ ಫೈಲು ಪೆನ್‌ಡ್ರೈವಿನಲ್ಲಿ ತಿರುಗಾಡ್ತಾ ಇದೆ. ಡಬಲ್ ಕ್ಲಿಕ್ ಮಾಡಿ, ರೀಸ್ಟಾರ್ಟ್ ಮಾಡಿ, ಪ್ರಿಂಟ್ ಶುರು. ಅದು ಮಾಡೋದೇನು ಗೊತ್ತಾ? ಕಂಪನಿ ಹಾಕಿದ ಚಿಲಕವನ್ನ ರಿಜಿಸ್ಟ್ರಿಗೆ ಹೋಗಿ ತೆಗೆದುಹಾಕೋದು. ಇನ್ನು ಕೆಲವರು ಅಪ್‌ಡೇಟನ್ನೇ ಕಿತ್ತುಹಾಕಿ, ಮುಂದೆ ಬರದಂತೆ ನಿಲ್ಲಿಸಿ ಹೋಗ್ತಾರೆ. ನಾನು ನೋಡಿಕೊಳ್ಳುವ ಒಂದು ಅಂಗಡಿಯಲ್ಲಿ ನನಗಿಂತ ಮುಂಚೆ ಬಂದವರು ಯಾರೋ ಇವೆರಡನ್ನೂ ಮಾಡಿ ಮುನ್ನೂರು ರೂಪಾಯಿ ತಗೊಂಡು ಹೋಗಿದ್ದರು. ಆಮೇಲೆ ಶೇರ್ ಪ್ರಿಂಟ್ ಹೊಡೆಯೋದೇ ನಿಂತಿತು. ಚಿಲಕ ಮಾತ್ರ ಯಾರೂ ವಾಪಸ್ ಹಾಕಲಿಲ್ಲ. ಬಳಸದ ಸೇವೆಯ ಅಪಾಯ ಇರೋದು ಇಲ್ಲೇ. ಬಳಸುವ ವಸ್ತು ಕೆಟ್ಟರೆ ಯಾರಾದರೂ ಬೊಬ್ಬೆ ಹೊಡೀತಾರೆ. ಬಳಸದೇ ಇರೋದು ಕೆಟ್ಟಿದ್ದರೂ ಯಾರಿಗೂ ಗೊತ್ತಾಗೋದಿಲ್ಲ.

ಲಿನಕ್ಸ್ ಗೆಳೆಯರೇ, ಮೀಸೆಯಲ್ಲಿ ನಗಬೇಡಿ :) ನಿಮ್ಮಲ್ಲಿ ಇರೋದು ಕಪ್ಸ್. 1999ರಲ್ಲಿ ಹೊರಬಂದ ಒಳ್ಳೆಯ ತಂತ್ರಾಂಶ, ಅದರ ಬಗ್ಗೆ ಗೌರವ ಇದೆ. ಆದರೆ ಅದರ ಜೊತೆ ಕಪ್ಸ್-ಬ್ರೌಸ್ಡ್ ಅಂತ ಒಂದು ಸೇವೆ ಬರ್ತದೆ, ನೆಟ್‌ವರ್ಕಿನಲ್ಲಿ ಎಲ್ಲಿ ಪ್ರಿಂಟರ್ ಇದೆ ಅಂತ ಹುಡುಕೋದು ಅದರ ಕೆಲಸ. 2024ರ ಸೆಪ್ಟೆಂಬರ್ 26ರಂದು ಸಿಮೋನೆ ಮಾರ್ಗರಿತೆಲ್ಲಿ ಅನ್ನೋ ಇಟಲಿಯ ಸಂಶೋಧಕ ತೋರಿಸಿದ್ದು ಇದು: ಈ ಸೇವೆ 631ನೇ ಯುಡಿಪಿ ಪೋರ್ಟಿನಲ್ಲಿ ಎಲ್ಲರ ಮಾತನ್ನೂ ಕೇಳ್ತಾ ಕೂತಿರ್ತದೆ. ಯಾರೋ "ನಾನು ಪ್ರಿಂಟರ್" ಅಂತ ಒಂದು ಚೀಟಿ ಕಳಿಸಿದರೆ, ಹೌದಾ ಅಂತ ತಾನೇ ಅವರ ಹತ್ತಿರ ಹೋಗಿ ವಿವರ ಕೇಳಿಕೊಂಡು ಬಂದು ಹೊಸ ಪ್ರಿಂಟರ್ ಸೇರಿಸಿಕೊಳ್ತದೆ. ಆ ವಿವರದೊಳಗೆ ಒಂದು ಆಜ್ಞೆ ಅಡಗಿಸಿಟ್ಟಿದ್ದರೆ, ನೀವು ಆ ಪ್ರಿಂಟರಿಗೆ ಏನಾದರೂ ಕಳಿಸಿದಾಗ ಅದು ಓಡ್ತದೆ. ಪ್ರಿಂಟ್ ಕೊಡದಿದ್ದರೆ ಓಡೋದಿಲ್ಲ ಅನ್ನೋದೂ ನಿಜ, ಶುರುವಿನಲ್ಲಿ ಎದ್ದ ಗದ್ದಲದಷ್ಟು ದೊಡ್ಡದಾಗಿರಲಿಲ್ಲ ಅನ್ನೋದೂ ನಿಜ. ಆದರೆ ಪ್ರಿಂಟರೇ ಇಲ್ಲದ ಲ್ಯಾಪ್‌ಟಾಪು ಪ್ರಿಂಟರ್ ಹುಡುಕುತ್ತಾ ಯಾಕೆ ಕೂತಿರಬೇಕು? ಅವತ್ತು ತಕ್ಷಣಕ್ಕೆ ಎಲ್ಲರೂ ಕೊಟ್ಟ ಸಲಹೆಯೂ ಅದೇ: ಬೇಡವಾದರೆ ಕಪ್ಸ್-ಬ್ರೌಸ್ಡ್ ನಿಲ್ಲಿಸಿ, 631 ಮುಚ್ಚಿ.

ಇನ್ನು "ಇರಲಿ ಬಿಡ್ರಿ" ಪಕ್ಷದವರ ವಾದಗಳಿಗೆ ಒಂದೊಂದಾಗಿ ಬರ್ತೀನಿ.

"ರವಿವಾರ ಪೇಟ್ಯಾಗಿನ ಬೆಲ್ಲದ ಅಂಗಡಿ ಮ್ಯಾಲ ಯಾರ ಕಣ್ಣ ಹಾಕತಾರೋ ಮಾರಾಯಾ?" ಇದು ಮಾಲಕರ ವಾದ. ಸ್ಟಕ್ಸ್‌ನೆಟ್ ಹೊರಟಿದ್ದು ನತಾಂಜಿಗೆ. ಆದರೆ ಸಿಮ್ಯಾಂಟೆಕ್ ಕಂಪನಿ 2010ರಲ್ಲಿ ಲೆಕ್ಕ ಹಾಕಿದಾಗ ಸೋಂಕು ತಗುಲಿದ ಯಂತ್ರಗಳಲ್ಲಿ ಇರಾನ್, ಇಂಡೋನೇಷ್ಯಾ ಬಿಟ್ಟರೆ ಮೂರನೇ ಜಾಗ ಭಾರತದ್ದು. ನಮ್ಮ ಮೇಲೆ ಯಾರೂ ಕಣ್ಣು ಹಾಕಿರಲಿಲ್ಲ, ದಾರಿಯಲ್ಲಿ ಸಿಕ್ಕೆವು ಅಷ್ಟೇ. 2017ರ ಮೇ 12ರಂದು ವನ್ನಾಕ್ರೈ ಬಂದಾಗಲೂ ಅದು ಯಾರ ಅಂಗಡಿಯ ಬೋರ್ಡನ್ನೂ ಓದಲಿಲ್ಲ. ಅದು ನುಗ್ಗಿದ್ದು ಎಸ್‌ಎಂಬಿ ಒಂದನೇ ಆವೃತ್ತಿಯ ತೂತಿನಿಂದ, ಇದೇ ಫೈಲು ಮತ್ತು ಪ್ರಿಂಟರ್ ಹಂಚಿಕೊಳ್ಳುವ ಹಳೇ ಪದ್ಧತಿ. ಅದನ್ನ ಬಿಟ್ಟುಬಿಡಿ ಅಂತ ಮೈಕ್ರೋಸಾಫ್ಟಿನವರೇ 2016ರ ಸೆಪ್ಟೆಂಬರಿನಲ್ಲಿ ಗೋಗರೆದು ಬರೆದಿದ್ದರು. ಪ್ಯಾಚ್ ಎರಡು ತಿಂಗಳು ಮೊದಲೇ ಬಂದಿತ್ತು. ಬಳಸದಿದ್ದರೂ ಬಿಟ್ಟುಕೊಂಡವರು, ಪ್ಯಾಚೂ ಹಾಕದವರು ಅತ್ತರು. ಸಣ್ಣವರನ್ನ ಬಿಡ್ತಾರೆ ಅನ್ನುವವರು 2024ರ ಜುಲೈ 31 ನೆನಪು ಮಾಡಿಕೊಳ್ಳಿ. ಸಿ-ಎಡ್ಜ್ ಅನ್ನೋ ಕಂಪನಿಗೆ ರಾನ್ಸಮ್‌ವೇರ್ ಬಡಿದು ಎನ್‌ಪಿಸಿಐ ಅದನ್ನ ಪಾವತಿ ಜಾಲದಿಂದ ಬೇರೆ ಮಾಡಬೇಕಾಯ್ತು. ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ನಿಂತವು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕು, ಅಂದರೆ ನಮ್ಮಂಥವರ ಬ್ಯಾಂಕುಗಳೇ. ಅಲ್ಲಿ ಕಾರಣ ಪ್ರಿಂಟರ್ ಆಗಿರಲಿಲ್ಲ. ಸಣ್ಣವರು ಅಂತ ಯಾರೂ ಕರುಣೆ ತೋರಿಸೋದಿಲ್ಲ ಅನ್ನೋದಕ್ಕೆ ಹೇಳಿದೆ.

"ಆಂಟಿವೈರಸ್ ಹಾಕೇವಲ್ಲ?" ಇದು ಹಾರ್ಡ್‌ವೇರ್ ಹುಡುಗನ ವಾದ. ಸ್ಪೂಲರಿನ ಮೂಲಕ ಒಳಗೆ ಬಂದವನಿಗೆ ಸಿಸ್ಟಂ ಅಧಿಕಾರ ಸಿಕ್ಕಿರ್ತದೆ. ಮನೆಯ ಯಜಮಾನನ ವೇಷದಲ್ಲಿ ಬಂದವನು ಕಾವಲುಗಾರನಿಗೇ ರಜೆ ಕೊಟ್ಟು ಕಳಿಸಬಹುದು. ಡಿ ಡ್ರೈವಿನಲ್ಲಿ ಇಟ್ಟ ಬ್ಯಾಕಪ್ಪೂ ಅವನ ಕೈಗೇ. ಇನ್ನು ನಮ್ಮ ಅಂಗಡಿಗಳಲ್ಲಿ ಎಲ್ಲಾ ಕಂಪ್ಯೂಟರಿಗೂ ಒಂದೇ ಯೂಸರ್, ಒಂದೇ ಪಾಸ್‌ವರ್ಡ್. ಅದು ಏನು ಅಂತ ಹೇಳಬೇಕಾಗಿಲ್ಲ, ನೀವೇ ಊಹಿಸಬಹುದು :)

"ನಾಳೆ ಬೇಕಾದ್ರ?" ಇದು ಗುಮಾಸ್ತರ ವಾದ. ಮೂರರಲ್ಲಿ ಇದೊಂದೇ ತೂಕ ಇರೋದು, ಅದಕ್ಕೆ ಇದನ್ನ ಗೌರವದಿಂದ ಕೇಳ್ತೀನಿ. ತಿಂಗಳ 20ನೇ ತಾರೀಖು, ರಾತ್ರಿ ಒಂಬತ್ತು ಗಂಟೆ, ರಿಟರ್ನ್ ತುಂಬಬೇಕು, ಏನೋ ಒಂದು ಪ್ರಿಂಟ್ ಬೇಕು, ಬರ್ತಾ ಇಲ್ಲ. ಆಗ ಬೈಸಿಕೊಳ್ಳೋರು ಅವರೇ ಹೊರತು ನಾನಲ್ಲ. ನೋಡದೇ ಕೇಳದೇ ಸೇವೆ ನಿಲ್ಲಿಸಿ ಹೋಗುವ ಶೂರರೂ ಇದ್ದಾರೆ. ಸ್ಪೂಲರ್ ನಿಲ್ಲಿಸಿದರೆ ಯುಎಸ್‌ಬಿಯಲ್ಲಿ ಹಚ್ಚಿದ ಪ್ರಿಂಟರೂ ನಿಲ್ತದೆ, ವಿಂಡೋಸಿನ ಪ್ರಿಂಟ್ ಟು ಪಿಡಿಎಫ್ ಕೂಡ ನಿಲ್ತದೆ ಅಂತ ಅವರಿಗೆ ಗೊತ್ತಿರೋದಿಲ್ಲ. ಅಂಥವರಿಂದಲೇ "ಮುಟ್ಟಬ್ಯಾಡ್ರಿ, ನಡದದ ನಡೀಲಿ" ಅನ್ನೋ ಹೆದರಿಕೆ ಹುಟ್ಟಿದ್ದು.

ಹಾಗಾದರೆ ತೀರ್ಮಾನ ಹೇಗೆ ಮಾಡಬೇಕು? ಊಹೆಯಿಂದ ಅಲ್ಲ, ಲೆಕ್ಕದಿಂದ. ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಪ್ರಿಂಟ್‌ಸರ್ವಿಸ್ ಅಂತ ಇದೆ, ಅದರಡಿ ಆಪರೇಷನಲ್ ಅನ್ನೋ ಲಾಗ್. ಮೊದಲಿಗೆ ಅದು ಬಂದ್ ಇರ್ತದೆ, ಚಾಲೂ ಮಾಡಿ. ಆಮೇಲೆ ಪ್ರತಿ ಪ್ರಿಂಟಿಗೂ 307ನೇ ನಂಬರಿನ ಒಂದು ದಾಖಲೆ ಬೀಳ್ತದೆ, ಯಾರು ಕೊಟ್ಟರು, ಯಾವ ಕಂಪ್ಯೂಟರಿನಿಂದ ಬಂತು ಸಮೇತ. ಒಂದು ಪೂರ್ತಿ ತಿಂಗಳು ಬಿಡಿ. ಅದರಲ್ಲಿ ಜಿಎಸ್‌ಟಿಆರ್-1ರ 11ನೇ ತಾರೀಖು, 3ಬಿಯ 20ನೇ ತಾರೀಖು ಎರಡೂ ಬರಲಿ. ತಿಂಗಳ ಕೊನೆಗೆ ಲಾಗ್ ತೆಗೆದು ನೋಡಿದರೆ ವಾದ ತಾನೇ ಮುಗೀತದೆ. ಆಮೇಲೆ ಕಂಪ್ಯೂಟರುಗಳನ್ನ ಮೂರು ಸಾಲು ಮಾಡಿ.

ಏನೂ ಪ್ರಿಂಟ್ ಆಗದ ಕಂಪ್ಯೂಟರು: ಸರ್ವಿಸಸ್ ತೆರೆದು ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ಸ್ಟಾರ್ಟಪ್ ಟೈಪ್ ಡಿಸೇಬಲ್ಡ್ ಮಾಡಿ. ಪಿಡಿಎಫ್ ಬೇಕಾದಾಗ ಬಿಲ್ಲಿನ ತಂತ್ರಾಂಶದ ಎಕ್ಸ್‌ಪೋರ್ಟ್ ಕೆಲಸ ಮಾಡ್ತದಾ ಅಂತ ಅವತ್ತೇ ಗುಮಾಸ್ತರ ಎದುರಿಗೇ ನೋಡಿಕೊಳ್ಳಿ.

ತನ್ನ ಸ್ವಂತ ಯುಎಸ್‌ಬಿ ಪ್ರಿಂಟರಿಗೆ ಮಾತ್ರ ಹೊಡೆಯುವ ಕಂಪ್ಯೂಟರು: ಸ್ಪೂಲರ್ ಇರಲಿ, ಅದರ ಹೊರಗಿನ ಕಿವಿ ಮುಚ್ಚಿ. ಶೇರಿಂಗ್ ತೆಗೆಯಿರಿ. ಪ್ರೊ ಆವೃತ್ತಿ ಇದ್ದರೆ ಗ್ರೂಪ್ ಪಾಲಿಸಿಯಲ್ಲಿ, ಪ್ರಿಂಟರ್ಸ್ ಅಡಿಯಲ್ಲಿ, "ಅಲೋ ಪ್ರಿಂಟ್ ಸ್ಪೂಲರ್ ಟು ಅಕ್ಸೆಪ್ಟ್ ಕ್ಲೈಂಟ್ ಕನೆಕ್ಷನ್ಸ್" ಅಂತ ಇದೆ. ಅದನ್ನ ಡಿಸೇಬಲ್ ಮಾಡಿ ಸ್ಪೂಲರನ್ನ ಒಮ್ಮೆ ರೀಸ್ಟಾರ್ಟ್ ಮಾಡಿ. ಹೋಮ್ ಆವೃತ್ತಿ ಇದ್ದರೆ ಫೈರ್‌ವಾಲಿನಲ್ಲಿ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಒಳಬರುವ ದಾರಿ ಮುಚ್ಚಿ (ಅದೇ ದಾರಿಯಲ್ಲಿ ಲೆಕ್ಕದ ಫೋಲ್ಡರ್ ಶೇರ್ ಆಗಿದೆಯಾ ಅಂತ ಮೊದಲು ನೋಡಿ!).

ನಿಜವಾಗಿಯೂ ಹಂಚಿಕೊಂಡು ಬಳಸುವ ಪ್ರಿಂಟರು: ಬಳಸಿ, ಯಾರೂ ಬೇಡ ಅನ್ನೋದಿಲ್ಲ. ಆದರೆ ಅಪ್‌ಡೇಟ್ ತಪ್ಪಿಸಬೇಡಿ, ಪೆನ್‌ಡ್ರೈವಿನ 11ಬಿ ಫಿಕ್ಸ್ ಹಾಕಿದ್ದರೆ ಅದನ್ನ ತೆಗೆಸಿ. ವೈಫೈ ಪ್ರಿಂಟರ್ ಇದ್ದರೆ ಅದರ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. 2025ರ ಜೂನ್‌ನಲ್ಲಿ ಬ್ರದರ್ ಕಂಪನಿಯ 689 ಮಾದರಿಗಳಲ್ಲಿ ಒಂದು ಬಣ್ಣ ಬಯಲಾಯ್ತು: ಕಾರ್ಖಾನೆಯಿಂದ ಬರುವ ಪಾಸ್‌ವರ್ಡನ್ನ ಸೀರಿಯಲ್ ನಂಬರಿನಿಂದಲೇ ಕಂಡುಹಿಡಿಯಬಹುದಿತ್ತು. ಇಂಟರ್ನೆಟ್ಟಿಗೆ ತೆರೆದಿಟ್ಟ ಪ್ರಿಂಟರಿನ ಗತಿ 2018ರಲ್ಲೇ ಜಗತ್ತು ನೋಡಿದೆ, ಯಾರೋ ಒಬ್ಬ ಎಲ್ಲೋ ಕೂತು ಸುಮಾರು 50 ಸಾವಿರ ಪ್ರಿಂಟರುಗಳಲ್ಲಿ ಒಂದು ಯೂಟ್ಯೂಬ್ ಚಾನೆಲ್ಲಿನ ಜಾಹೀರಾತು ಹೊಡೆಸಿದ್ದ.

ಕೊನೆಯದಾಗಿ ಒಂದು ಚೀಟಿ ಬರೆದು ಕಂಪ್ಯೂಟರಿಗೆ ಅಂಟಿಸಿ: ಯಾವ ಸೇವೆ ನಿಲ್ಲಿಸಿದೆ, ಯಾವತ್ತು ನಿಲ್ಲಿಸಿದೆ, ಮತ್ತೆ ಬೇಕಾದರೆ ಏನು ಮಾಡಬೇಕು. ಡಿಸೇಬಲ್ಡ್ ಇದ್ದದ್ದನ್ನ ಆಟೋಮ್ಯಾಟಿಕ್ ಮಾಡಿ ಸ್ಟಾರ್ಟ್ ಒತ್ತೋಕೆ ಅರ್ಧ ನಿಮಿಷ. "ನಾಳೆ ಬೇಕಾದ್ರ?" ಅನ್ನೋ ಪ್ರಶ್ನೆಗೆ ಉತ್ತರ ಆ ಚೀಟಿ. ನಾಳೆ ಬೇಕಾದರೆ ನಾಳೆ ಚಾಲೂ ಮಾಡಿ. ನಾಳೆ ಬರುವ ನೆಂಟರಿಗೆ ಅಂತ ಇವತ್ತು ರಾತ್ರಿ ಬಾಗಿಲು ತೆಗೆದಿಟ್ಟು ಯಾರೂ ಮಲಗೋದಿಲ್ಲ.

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ಮಾತು ಕಂಪನಿಗಳಿಗೂ ಹೇಳಲೇಬೇಕು. ಪ್ರಿಂಟರೇ ಇಲ್ಲದ ಕಂಪ್ಯೂಟರಿನಲ್ಲಿ ಸ್ಪೂಲರ್ ಯಾಕೆ ತಾನಾಗಿ ಓಡಬೇಕು? ಪ್ರಿಂಟರ್ ಹಚ್ಚಿದ ದಿನ ಚಾಲೂ ಆದರೆ ಸಾಲದೇ? 2024ರ ಕೊನೆಗೆ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಹೊರಗಿನ ಡ್ರೈವರ್ ಒಳಗೆ ಬಿಡದ, ಸ್ಪೂಲರಿನ ಅಧಿಕಾರವನ್ನೂ ಕಡಿಮೆ ಮಾಡಿದ ಹೊಸ ಪದ್ಧತಿ ಕೊಟ್ಟಿದ್ದಾರೆ, ಸಂತೋಷ. ಆದರೆ ಅದನ್ನ ನಾವೇ ಹುಡುಕಿ ಚಾಲೂ ಮಾಡಬೇಕು. ಮೇಲಾಗಿ ಅದು ಹೊಸ ಪ್ರಿಂಟರುಗಳಿಗೆ ಮಾತ್ರ, ಪೇಟೆಯ ಡಾಟ್ ಮ್ಯಾಟ್ರಿಕ್ಸಿಗೆ ಅಲ್ಲ. ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಳೇ ಯಂತ್ರಗಳಲ್ಲೇ ವ್ಯಾಪಾರ ಮಾಡುವ ನಮ್ಮಂಥ ಪೇಟೆಗಳಿಗೆ ಇನ್ನು ತೇಪೆಯ ಭರವಸೆಯೂ ಕಡಿಮೆ. ಉಳಿದಿರುವ ದಾರಿ ಒಂದೇ, ಬೇಡದ ಬಾಗಿಲನ್ನ ನಾವೇ ಹಾಕಿಕೊಳ್ಳೋದು.

ಆದ್ದರಿಂದ ಪ್ರಶ್ನೆಯನ್ನೇ ತಿರುಗಿಸಿ ಕೇಳೋಣ ಅಂತೀನಿ. "ಯಾಕ ತೆಗೀಬೇಕು?" ಅಂತ ನನ್ನನ್ನ ಕೇಳಬೇಡಿ. "ಯಾಕ ಇರಬೇಕು?" ಅಂತ ಆ ಸೇವೆಯನ್ನ ಕೇಳಿ. ಉತ್ತರ ಇದ್ದರೆ ಇರಲಿ, ಇಲ್ಲದಿದ್ದರೆ ನಡೀ ಅನ್ನಿ. ಅದು ಅನ್ನ ಕೇಳೋದಿಲ್ಲ ಅನ್ನೋದು ನಿಜ. ಆದರೆ ಒಂದು ದಿನ ಅದರ ಬಾಗಿಲಿನಿಂದ ಒಳಗೆ ಬಂದವರು ಇಡೀ ಪೇಟೆಯ ಉದ್ರಿ ಲೆಕ್ಕವನ್ನೇ ಒತ್ತೆ ಇಟ್ಟುಕೊಂಡು ದುಡ್ಡು ಕೇಳ್ತಾರೆ, ಆಗ ಕಣ್ಣೀರು ಹಾಕೋರು ಮಾಲಕರು ಒಬ್ಬರೇ ಅಲ್ಲ.

ನಿಮ್ಮ ಮನೆಯ, ಆಫೀಸಿನ ಕಂಪ್ಯೂಟರಿನಲ್ಲಿ ಇವತ್ತೇ ಒಮ್ಮೆ ನೋಡಿ. ಪ್ರಿಂಟರ್ ಇಲ್ಲದೆಯೂ ಸ್ಪೂಲರ್ ಓಡ್ತಾ ಇದೆಯಾ? ನನ್ನ ವಾದದಲ್ಲಿ ತೂತು ಕಂಡರೆ ಅದನ್ನೂ ಹೇಳಿ, ಗುಮಾಸ್ತರ ಪಕ್ಷ ವಹಿಸಿ ಜಗಳಕ್ಕೆ ಬಂದರೂ ಸರಿ. ಏನಂತೀರಿ?